ಟಂಡ್ರಾ ನೆಲದ ಕರಗಿನ ಆಳ: ಉಕ್ಕಿನ ಸರಳಿನ ಅಳತೆಯೂ ತಾಪಮಾನದ ಅಳತೆಯೂ ಹೊಂದದಿದ್ದರೆ ಯಾವುದನ್ನು ನಂಬಬೇಕು?

ಪ್ರಶ್ನೆ — ಭೂಗೋಳ ಸ್ನಾತಕೋತ್ತರ ವಿದ್ಯಾರ್ಥಿನಿ, ಮೈಸೂರು

ಮಾನಸಗಂಗೋತ್ರಿಯಲ್ಲಿ ಓದುತ್ತಿರುವ ನಾನು ಈ ಸೆಮಿಸ್ಟರಿನ ಕಿರುಪ್ರಬಂಧಕ್ಕೆ ಟಂಡ್ರಾ ಪ್ರದೇಶದ ಸಕ್ರಿಯ ಪದರವನ್ನು, ಅಂದರೆ ಪರ್ಮಾಫ್ರಾಸ್ಟಿನ ಮೇಲೆ ಬೇಸಿಗೆಯಲ್ಲಿ ಕರಗಿ ಚಳಿಗಾಲದಲ್ಲಿ ಮತ್ತೆ ಹೆಪ್ಪುಗಟ್ಟುವ ಮಣ್ಣಿನ ಪದರವನ್ನು, ವಿಷಯವಾಗಿ ಆರಿಸಿಕೊಂಡಿದ್ದೇನೆ. ಸತತ ಎರಡು ವರ್ಷವಾದರೂ ಸೊನ್ನೆ ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗೆ ಉಳಿಯುವ ನೆಲವೇ ಪರ್ಮಾಫ್ರಾಸ್ಟ್ ಎಂಬ ವ್ಯಾಖ್ಯೆ ನನಗೆ ಸ್ಪಷ್ಟವಾಗಿದೆ. ಆದರೆ ಅದರ ಮೇಲಿನ ಪದರ ಎಷ್ಟು ಆಳದವರೆಗೆ ಕರಗಿದೆ ಎಂಬುದನ್ನು ಅಳೆಯುವ ಬಗೆಯನ್ನು ಓದುತ್ತಾ ಹೋದಂತೆ ಗೊಂದಲ ಹೆಚ್ಚಾಗಿದೆ.

ಸರ್ಕಂಪೋಲಾರ್ ಆಕ್ಟಿವ್ ಲೇಯರ್ ಮಾನಿಟರಿಂಗ್, ಸಂಕ್ಷಿಪ್ತವಾಗಿ ಕಾಮ್ ಎಂಬ ಅಂತರರಾಷ್ಟ್ರೀಯ ಜಾಲದ ಮುಕ್ತ ದತ್ತಾಂಶವನ್ನು ನೋಡುತ್ತಿದ್ದೇನೆ. ಅಲ್ಲಿ ಬಹುಪಾಲು ಅಳತೆಗಳು ಗುರುತು ಹಾಕಿದ ಉಕ್ಕಿನ ಸರಳನ್ನು ಕೈಯಿಂದ ಮಣ್ಣಿಗೆ ಒತ್ತಿ, ಅದು ಗಟ್ಟಿ ನೆಲಕ್ಕೆ ತಾಗಿ ನಿಂತಾಗ ಆಳವನ್ನು ಓದಿ ಪಡೆದವು. ಉಪಗ್ರಹಗಳ ಕಾಲದಲ್ಲಿ ಇಷ್ಟು ಒರಟು ವಿಧಾನವನ್ನು ಏಕೆ ಉಳಿಸಿಕೊಂಡಿದ್ದಾರೆ? ಕೆಲವು ತಾಣಗಳಲ್ಲಿ ಮಣ್ಣಿನೊಳಗೆ ಹೂತಿಟ್ಟ ತಾಪಮಾಪಕಗಳೂ ಇವೆ. ಅವುಗಳಿಂದ ಲೆಕ್ಕ ಹಾಕಿದ ಆಳ ಸರಳಿನ ಆಳಕ್ಕೆ ಹೊಂದುವುದಿಲ್ಲ. ಇವೆರಡರಲ್ಲಿ ಯಾವುದನ್ನು ಸರಿಯೆಂದು ತೆಗೆದುಕೊಳ್ಳಬೇಕು? ಹೆಪ್ಪುಗಟ್ಟಿದ ನೆಲವನ್ನೇ ಕಂಡಿರದ ನಮ್ಮಂಥವರು ಈ ಅಳತೆಯ ಕಷ್ಟವನ್ನು ಇಲ್ಲಿಯೇ ಸ್ವಲ್ಪವಾದರೂ ಅರಿತುಕೊಳ್ಳಲು ಯಾವುದಾದರೂ ಅಭ್ಯಾಸವಿದೆಯೇ ಎಂಬುದನ್ನೂ ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಉತ್ತರ — ಹೆಪ್ಪುನೆಲದ ಕ್ಷೇತ್ರಕಾರ್ಯದಲ್ಲಿದ್ದವರು, ಈಗ ಮೈಸೂರಿನಲ್ಲಿ ವಾಸ

ಎರಡರಲ್ಲಿ ಒಂದು ಸರಿ, ಇನ್ನೊಂದು ತಪ್ಪು ಎಂದು ನೋಡುವ ಮೊದಲು ಅವು ಒಂದೇ ವಸ್ತುವನ್ನು ಅಳೆಯುತ್ತಿವೆಯೇ ಎಂದು ಕೇಳಿಕೊಳ್ಳಿ. ಸರಳು ಮಣ್ಣಿನ ಗಡಸುತನವನ್ನು ಹುಡುಕುತ್ತದೆ. ತಾಪಮಾಪಕ ಸೊನ್ನೆ ಡಿಗ್ರಿಯ ಮಟ್ಟವನ್ನು ಹುಡುಕುತ್ತದೆ. ನೀರು ತುಂಬಿದ ಮರಳಿನಲ್ಲಿ ಈ ಎರಡು ಮಟ್ಟಗಳು ಬಹುತೇಕ ಒಂದೇ ಕಡೆ ಇರುತ್ತವೆ, ಏಕೆಂದರೆ ದಪ್ಪ ಕಣಗಳ ನಡುವಿನ ನೀರು ಸೊನ್ನೆಯ ಆಸುಪಾಸಿನಲ್ಲೇ ಮಂಜುಗಡ್ಡೆಯಾಗಿ ಕಣಗಳನ್ನು ಬೆಸೆದುಬಿಡುತ್ತದೆ. ನುಣ್ಣನೆಯ ಜೇಡಿಮಣ್ಣಿನಲ್ಲಿ ಹಾಗಲ್ಲ. ಅಲ್ಲಿ ಕಣಗಳಿಗೆ ಅಂಟಿಕೊಂಡ ನೀರಿನ ಒಂದು ಭಾಗ ಸೊನ್ನೆಗಿಂತ ಕೆಳಗೂ ದ್ರವವಾಗಿಯೇ ಉಳಿಯುವುದರಿಂದ, ತಾಪಮಾನದ ಪ್ರಕಾರ ಹೆಪ್ಪುಗಟ್ಟಿರಬೇಕಾದ ಮಣ್ಣು ಇನ್ನೂ ಮೆತ್ತಗಿದ್ದು ಸರಳನ್ನು ಕೆಲವು ಸೆಂಟಿಮೀಟರ್ ಒಳಗೆ ಬಿಟ್ಟುಕೊಳ್ಳುತ್ತದೆ. ಸಮುದ್ರತೀರದ ಉಪ್ಪು ಜೇಡಿಯಲ್ಲಿ ಈ ಅಂತರ ಇನ್ನೂ ಹಿಗ್ಗುತ್ತದೆ. ನೀವು ನೋಡಿದ ವ್ಯತ್ಯಾಸ ಇಂಥ ಮಣ್ಣಿನದ್ದಾಗಿದ್ದರೆ ಅದು ದೋಷವಲ್ಲ, ಮಣ್ಣಿನ ಗುಣ. ಆದ್ದರಿಂದ ತಾಣದ ಮಣ್ಣಿನ ವಿವರವನ್ನು ಮೊದಲು ಓದಿ.

ಅಳತೆಯ ದಿನಾಂಕವನ್ನೂ ನೋಡಬೇಕು. ಜುಲೈ ತಿಂಗಳಲ್ಲಿ ಅಳೆದದ್ದು ಆ ದಿನದ ಕರಗಿನ ಆಳ ಮಾತ್ರ. ವರ್ಷದ ಗರಿಷ್ಠ ಆಳಕ್ಕಷ್ಟೇ ಸಕ್ರಿಯ ಪದರದ ದಪ್ಪ ಎಂಬ ಹೆಸರು ಸಲ್ಲುತ್ತದೆ. ಉತ್ತರ ಧ್ರುವದ ಸುತ್ತಲಿನ ಟಂಡ್ರಾದಲ್ಲಿ ಆ ಗರಿಷ್ಠ ಸಾಮಾನ್ಯವಾಗಿ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದೊಳಗೆ ಬರುವುದರಿಂದ ಕಾಮ್ ತಂಡಗಳು ಆ ಸಮಯವನ್ನೇ ಆರಿಸಿಕೊಳ್ಳುತ್ತವೆ. ವಿಮಾನದ ವೇಳೆ, ಹಣ, ಮಳೆಗಾಳಿ ಇವುಗಳ ಒತ್ತಡದಲ್ಲಿ ಒಂದು ವರ್ಷ ಆಗಸ್ಟ್ ಆರಂಭದಲ್ಲೂ ಮತ್ತೊಂದು ವರ್ಷ ಸೆಪ್ಟೆಂಬರಿನಲ್ಲೂ ಅಳೆದಿದ್ದರೆ, ಆ ಎರಡು ಅಂಕಿಗಳ ನಡುವಿನ ವ್ಯತ್ಯಾಸವನ್ನು ಹವಾಮಾನದ ಬದಲಾವಣೆ ಎಂದು ಓದುವುದು ದುಡುಕಾಗುತ್ತದೆ.

ಒರಟು ವಿಧಾನವನ್ನು ಏಕೆ ಉಳಿಸಿಕೊಂಡಿದ್ದಾರೆ ಎಂಬ ಪ್ರಶ್ನೆಗೆ ಉತ್ತರ ಟಂಡ್ರಾದ ಮೇಲ್ಮೈಯಲ್ಲಿಯೇ ಇದೆ. ಹುಲ್ಲುಗುಪ್ಪೆಯ ಕೆಳಗೆ ಒಂದು ಆಳ, ಅದರ ಪಕ್ಕದ ತಗ್ಗಿನಲ್ಲಿ ಮತ್ತೊಂದು ಆಳ. ಮಂಜುಗಡ್ಡೆಯ ಬೆಣೆಗಳಿಂದ ಉಂಟಾದ ಬಹುಭುಜಾಕೃತಿಯ ನೆಲದಲ್ಲಿ ನಡುಭಾಗಕ್ಕೂ ಅಂಚಿನ ಕಾಲುವೆಗೂ ಹೋಲಿಕೆಯೇ ಇರುವುದಿಲ್ಲ. ಇಂಥಲ್ಲಿ ಒಂದೇ ಕಡೆ ಹೂತ ದುಬಾರಿ ತಾಪಮಾಪಕ ಎಷ್ಟೇ ನಿಖರವಾಗಿದ್ದರೂ ಆ ಒಂದು ಬಿಂದುವಿನ ಕಥೆಯನ್ನಷ್ಟೇ ಹೇಳುತ್ತದೆ. 1990ರ ದಶಕದ ಆರಂಭದಲ್ಲಿ ರೂಪುಗೊಂಡ ಕಾಮ್ ಪದ್ಧತಿಯಲ್ಲಿ ಒಂದು ಕಿಲೋಮೀಟರ್ ಚೌಕದಲ್ಲಿ 100 ಮೀಟರಿಗೊಂದರಂತೆ, ಅಥವಾ 100 ಮೀಟರ್ ಚೌಕದಲ್ಲಿ 10 ಮೀಟರಿಗೊಂದರಂತೆ, ಹನ್ನೊಂದು ಅಡ್ಡಸಾಲು ಹನ್ನೊಂದು ಉದ್ದಸಾಲು ಸೇರಿ 121 ಬಿಂದುಗಳು ಬರುತ್ತವೆ. ಪ್ರತಿ ಬಿಂದುವಿನಲ್ಲಿ ಸಾಮಾನ್ಯವಾಗಿ ಎರಡು ಬಾರಿ ಚುಚ್ಚಿ ಸರಾಸರಿ ತೆಗೆಯುತ್ತಾರೆ. ಒಂದು ಸರಳು, ಇಬ್ಬರು ಜನ, ಒಂದು ದಿನ: ಇಷ್ಟು ಕಡಿಮೆ ವೆಚ್ಚದಲ್ಲಿ ಇಷ್ಟು ಬಿಂದುಗಳನ್ನು ಕೊಡುವ ಬೇರೆ ಉಪಕರಣ ನನಗೆ ಕಂಡಿಲ್ಲ. ನೀವು ಬಳಸುವಾಗ ಸರಾಸರಿಯೊಂದನ್ನೇ ಬರೆದು ಕೈತೊಳೆದುಕೊಳ್ಳದೆ ಬಿಂದುಗಳ ಹರಡುವಿಕೆಯನ್ನೂ ಕೊಡಿ, ಏಕೆಂದರೆ ಟಂಡ್ರಾ ನೆಲದ ನಿಜವಾದ ಸ್ವರೂಪ ಆ ಹರಡುವಿಕೆಯಲ್ಲಿ ಕಾಣುತ್ತದೆ.

ತಾಪಮಾನದ ಕಡೆಯ ಲೆಕ್ಕವೂ ನಿರ್ದೋಷವಲ್ಲ. ಮೇಲ್ಮೈಯಿಂದ 40 ಸೆಂ.ಮೀ. ಆಳದ ಥರ್ಮಿಸ್ಟರ್ (ವಿದ್ಯುತ್ ತಾಪಮಾಪಕ) 0.8 ಡಿಗ್ರಿಯನ್ನೂ 60 ಸೆಂ.ಮೀ. ಆಳದ್ದು ಸೊನ್ನೆಗಿಂತ 0.4 ಡಿಗ್ರಿ ಕೆಳಗನ್ನೂ ತೋರಿಸಿತು ಎಂದಿಟ್ಟುಕೊಳ್ಳಿ. ನಡುವೆ ತಾಪಮಾನ ಸರಳರೇಖೆಯಲ್ಲಿ ಇಳಿಯುತ್ತದೆಂದು ಭಾವಿಸಿದರೆ ಸೊನ್ನೆಯ ಮಟ್ಟ ಸುಮಾರು 53 ಸೆಂ.ಮೀ.ನಲ್ಲಿ ಬೀಳುತ್ತದೆ. ಇಲ್ಲಿ ಥರ್ಮಿಸ್ಟರಿನಲ್ಲಿ 0.1 ಡಿಗ್ರಿಯ ದೋಷವಿದ್ದರೆ ಆಳದಲ್ಲಿ ಸುಮಾರು 1.7 ಸೆಂಟಿಮೀಟರಿನಷ್ಟು ವ್ಯತ್ಯಾಸ ಬರುತ್ತದೆ. ಆದರೆ ಪ್ರತಿ ಸೆಂಟಿಮೀಟರಿಗೆ 0.02 ಡಿಗ್ರಿಯಷ್ಟೇ ತಾಪಮಾನ ಇಳಿಯುವ ನೆಲದಲ್ಲಿ ಅದೇ ದೋಷ ಐದು ಸೆಂಟಿಮೀಟರ್ ಆಗಿಬಿಡುತ್ತದೆ. ಶರತ್ಕಾಲದಲ್ಲಂತೂ ನೀರು ಹೆಪ್ಪುಗಟ್ಟುವಾಗ ಬಿಡುವ ಗುಪ್ತೋಷ್ಣದಿಂದ ಇಡೀ ಪದರ ವಾರಗಟ್ಟಲೆ ಸೊನ್ನೆಯ ಹತ್ತಿರವೇ ನಿಂತುಬಿಡುವುದರಿಂದ, ಸೊನ್ನೆ ಯಾವ ಆಳದಲ್ಲಿದೆ ಎಂದು ಹುಡುಕುವ ಕೆಲಸಕ್ಕೇ ಅರ್ಥ ಉಳಿಯುವುದಿಲ್ಲ.

ಕಲ್ಲು ಹೆಚ್ಚಿರುವ ನೆಲದಲ್ಲಿ ಮಾತ್ರ ತಾಪಮಾಪಕಗಳನ್ನು ಬಿಟ್ಟರೆ ಗತಿಯಿಲ್ಲ. ಲಡಾಖಿನ ಎತ್ತರದ ಒಣ, ಕಲ್ಲು ತುಂಬಿದ ಇಳಿಜಾರುಗಳಲ್ಲಿ ಸರಳು ಇಳಿಯುವುದೇ ಇಲ್ಲ. ಇಳಿದರೂ ಅದು ನಿಂತದ್ದು ಹೆಪ್ಪುನೆಲಕ್ಕೋ ಬಂಡೆಗೋ ಎಂದು ಹೇಳುವುದು ಕಷ್ಟ. ಅನುಭವಿಗಳು ಕಿವಿಯಿಂದ ಗುರುತಿಸುತ್ತಾರೆ: ಕಲ್ಲಿಗೆ ತಾಗಿದರೆ ಟಣ್ ಎನ್ನುತ್ತದೆ, ಹೆಪ್ಪುಗಟ್ಟಿದ ಮಣ್ಣಿಗೆ ತಾಗಿದರೆ ಮೊಂಡಾದ ಸದ್ದು ಬರುತ್ತದೆ. ಈ ಕೌಶಲವನ್ನು ಬರಹದಲ್ಲಿ ಕಲಿಸಲಾಗದು.

ಉತ್ತರ — ಮಣ್ಣು ವಿಜ್ಞಾನದ ಬೋಧಕರು, ಮಂಡ್ಯ

ನಿಮ್ಮ ಕೊನೆಯ ಪ್ರಶ್ನೆಗೆ ನಾನು ಉತ್ತರಿಸಬಲ್ಲೆ, ಏಕೆಂದರೆ ನಮ್ಮ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಅದಕ್ಕೆ ಬೇಕಾದ ನೆಲ ಸಿದ್ಧವಾಗಿಯೇ ಇದೆ. ವರ್ಷಗಟ್ಟಲೆ ಕೆಸರು ಮಾಡಿ ನಾಟಿ ಹಾಕಿದ ಭತ್ತದ ಗದ್ದೆಯಲ್ಲಿ ಮೇಲಿನ ಮೆತ್ತನೆಯ ಕೆಸರಿನ ಕೆಳಗೆ, ನೇಗಿಲೂ ಟ್ರ್ಯಾಕ್ಟರೂ ತುಳಿದು ಬಿಗಿಯಾದ ಒಂದು ಗಟ್ಟಿ ಪದರವಿರುತ್ತದೆ. ಅದು ಹೆಪ್ಪುನೆಲವಲ್ಲವಾದರೂ ಮೇಲೆ ನೀರು ತುಂಬಿದ ಮೆದು ಮಣ್ಣು, ಕೆಳಗೆ ಸರಳನ್ನು ತಡೆದು ನಿಲ್ಲಿಸುವ ಗಡಿ ಎಂಬ ರಚನೆ ಒಂದೇ. ಮಾಲೀಕರ ಒಪ್ಪಿಗೆ ಪಡೆದು, ನಾಟಿಗೆ ಮುಂಚೆ ಕೆಸರು ಮಾಡಿದ ಗದ್ದೆಯಲ್ಲಿ, ಒಂದು ಸೆಂಟಿಮೀಟರ್ ದಪ್ಪದ ಉಕ್ಕಿನ ಸರಳಿಗೆ ಸೆಂಟಿಮೀಟರ್ ಗುರುತು ಹಾಕಿಕೊಂಡು, ಹನ್ನೊಂದು ಅಡ್ಡಸಾಲು ಹನ್ನೊಂದು ಉದ್ದಸಾಲಿನ ಚೌಕವನ್ನು ಹಗ್ಗದಿಂದ ಗುರುತಿಸಿ ಅಳೆದು ನೋಡಿ.

ಮುಖ್ಯವಾದ ಪಾಠ ಅಂಕಿಗಳಿಂದಲ್ಲ, ಅಳೆಯುವವರನ್ನು ಬದಲಿಸಿದಾಗ ಸಿಗುತ್ತದೆ. ಅದೇ ಬಿಂದುಗಳನ್ನು ಮೂವರು ಬೇರೆ ಬೇರೆಯಾಗಿ, ಒಬ್ಬರ ಓದನ್ನು ಇನ್ನೊಬ್ಬರು ನೋಡದಂತೆ ಅಳೆಯಲಿ. ಬಲವಾಗಿ ಒತ್ತುವವರ ಅಂಕಿ ಹೆಚ್ಚಾಗಿಯೂ ಹಗುರ ಕೈಯವರದು ಕಡಿಮೆಯಾಗಿಯೂ ಬರುತ್ತದೆ. ಸರಳು ವಾಲಿದರೆ ಆಳ ಹೆಚ್ಚಾಗಿ ಕಾಣುತ್ತದೆ. ಲಂಬದಿಂದ 20 ಡಿಗ್ರಿ ಓರೆಯಾದರೆ ಆರು ಪ್ರತಿಶತದಷ್ಟು ಹೆಚ್ಚು ಓದು ಸಿಗುತ್ತದೆ ಎಂಬುದು ಸರಳ ತ್ರಿಕೋನಮಿತಿ. ಇದಕ್ಕಿಂತ ಸೂಕ್ಷ್ಮವಾದದ್ದು ಮೇಲ್ಮೈಯ ಪ್ರಶ್ನೆ. ಕೆಸರಿನ ಮೇಲೆ ನಿಂತ ನೀರಿನ ಮಟ್ಟದಿಂದ ಅಳೆಯಬೇಕೋ, ಕೆಸರಿನ ಮೇಲ್ಮಟ್ಟದಿಂದಲೋ, ನಿಮ್ಮ ಕಾಲಿಟ್ಟು ತಗ್ಗಾದ ಕಡೆಯಿಂದಲೋ? ಟಂಡ್ರಾದಲ್ಲಿ ಇದೇ ಪ್ರಶ್ನೆ ಪಾಚಿಯ ಹಾಸಿನ ರೂಪದಲ್ಲಿ ಎದುರಾಗುತ್ತದೆ. ಪಾಚಿಯನ್ನು ಬೂಟಿನಿಂದ ತುಳಿದು ಅಳೆದವರಿಗೂ ತುಳಿಯದೆ ಅಳೆದವರಿಗೂ ಒಂದೇ ಉತ್ತರ ಬರುವುದಿಲ್ಲ. ನಿಯಮ ಯಾವುದಾದರೂ ಇರಲಿ, ಅದು ಬರಹದಲ್ಲಿರಬೇಕು ಮತ್ತು ಪ್ರತಿ ವರ್ಷವೂ ಅದೇ ಇರಬೇಕು.

ತಾಪಮಾನದ ಭಾಗಕ್ಕೂ ಮೈಸೂರಿನಲ್ಲಿಯೇ ಮಾಡಬಹುದಾದ ಒಂದು ಅಭ್ಯಾಸವಿದೆ. ಶುದ್ಧೀಕರಿಸಿದ ನೀರಿನಿಂದ ಮಾಡಿದ ಮಂಜುಗಡ್ಡೆಯನ್ನು ಪುಡಿ ಮಾಡಿ, ಅದೇ ನೀರಿನೊಂದಿಗೆ ಫ್ಲಾಸ್ಕಿನಲ್ಲಿ ತುಂಬಿ, ನಿಮ್ಮ ಪ್ರಯೋಗಾಲಯದ ಥರ್ಮಿಸ್ಟರುಗಳನ್ನು ಅದರಲ್ಲಿ ಮುಳುಗಿಸಿಡಿ. ಎಲ್ಲವೂ ಸೊನ್ನೆ ತೋರಿಸಬೇಕು, ತೋರಿಸುವುದಿಲ್ಲ. ಪ್ರತಿಯೊಂದರ ಅಂತರವನ್ನು ಬರೆದಿಟ್ಟುಕೊಂಡು ಮೇಲಿನ ಉತ್ತರದ 53 ಸೆಂ.ಮೀ. ಲೆಕ್ಕಕ್ಕೆ ಸೇರಿಸಿ ನೋಡಿದರೆ, 0.1 ಡಿಗ್ರಿಯ ಮಾತು ಪುಸ್ತಕದ ಮಾತಾಗಿ ಉಳಿಯುವುದಿಲ್ಲ.

ಮರುಪ್ರಶ್ನೆ — ವಿದ್ಯಾರ್ಥಿನಿ

ಇಬ್ಬರಿಗೂ ಕೃತಜ್ಞತೆಗಳು. ಗದ್ದೆಯ ಅಭ್ಯಾಸಕ್ಕೆ ನಮ್ಮ ಅಧ್ಯಾಪಕರು ಒಪ್ಪಿದ್ದಾರೆ. ಇನ್ನೊಂದು ಸಂದೇಹ ಉಳಿದಿದೆ. ಕರಗಿನ ಆಳವು ಬೇಸಿಗೆಯ ಬಿಸಿಯ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ ಎಂಬ ಸ್ಟೀಫನ್ ಸೂತ್ರವನ್ನು ಓದಿದೆ. ಹಾಗಿದ್ದರೆ ಬೇಸಿಗೆಗಳು ಬಿಸಿಯಾಗುತ್ತಿರುವ ತಾಣಗಳಲ್ಲಿ ಸರಳಿನ ಅಳತೆಯೂ ಏರುತ್ತಲೇ ಹೋಗಬೇಕಲ್ಲವೇ? ಗಾಳಿಯ ತಾಪಮಾನ ಏರಿದ್ದರೂ ಆಳದ ಸರಾಸರಿ ಅಷ್ಟಾಗಿ ಬದಲಾಗದ ತಾಣಗಳನ್ನು ಕಂಡಾಗ, ಪರ್ಮಾಫ್ರಾಸ್ಟ್ ಅಲ್ಲಿ ಸುರಕ್ಷಿತವಾಗಿದೆ ಎಂದು ಬರೆಯಬಹುದೇ?

ಉತ್ತರ — ಮೊದಲ ಉತ್ತರ ನೀಡಿದವರು

ದಯವಿಟ್ಟು ಹಾಗೆ ಬರೆಯಬೇಡಿ. ಈ ವಿಷಯದಲ್ಲಿ ಅತಿ ಹೆಚ್ಚು ಜನ ಎಡವುವ ಜಾಗ ಇದೇ ಆಗಿರುವುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಮೊದಲು ಸೂತ್ರ. ಆಸ್ಟ್ರಿಯಾದ ಭೌತವಿಜ್ಞಾನಿ ಯೋಸೆಫ್ ಸ್ಟೀಫನ್ ಧ್ರುವ ಸಮುದ್ರದ ಮಂಜುಗಡ್ಡೆ ದಪ್ಪವಾಗುವ ಬಗೆಯನ್ನು ವಿವರಿಸಲು 1891ರಲ್ಲಿ ಪ್ರಕಟಿಸಿದ ವಿಚಾರವನ್ನು ನಂತರದವರು ಮಣ್ಣಿನ ಕರಗುವಿಕೆಗೆ ಅನ್ವಯಿಸಿದರು. ಮೇಲ್ಮೈಯ ಶಾಖ ಕರಗಿದ ಪದರದ ಮೂಲಕ ಇಳಿದು ಅದರ ತಳದ ಮಂಜನ್ನು ಕರಗಿಸಬೇಕು. ಪದರ ದಪ್ಪವಾದಷ್ಟೂ ಶಾಖಕ್ಕೆ ದಾರಿ ಉದ್ದವಾಗುತ್ತದೆ, ಆದ್ದರಿಂದ ವರ್ಗಮೂಲ. ಮಣ್ಣಿನ ಮೇಲ್ಮೈಯಲ್ಲಿ ಒಂದು ಬೇಸಿಗೆಗೆ 400 ಡಿಗ್ರಿ-ದಿನಗಳು ಕೂಡಿದವು, ಅಂದರೆ ಸೊನ್ನೆಗಿಂತ ಮೇಲಿನ ದಿನದ ಸರಾಸರಿ ತಾಪಮಾನಗಳ ಮೊತ್ತ 400 ಆಯಿತು ಎಂದುಕೊಳ್ಳಿ. (ದಿನದ ಸರಾಸರಿ 24 ಡಿಗ್ರಿ ಇರುವ ಮೈಸೂರಿನಲ್ಲಿ ಅಷ್ಟು ಬಿಸಿ ಹದಿನೇಳು ದಿನಗಳಲ್ಲಿ ಕೂಡಿಬಿಡುತ್ತದೆ, ಟಂಡ್ರಾದಲ್ಲಿ ಅದು ಇಡೀ ಬೇಸಿಗೆಯ ಗಳಿಕೆ.) ಶಾಖವಾಹಕತೆ ಮೀಟರ್-ಕೆಲ್ವಿನಿಗೆ 0.5 ವ್ಯಾಟ್ ಇದ್ದು, ಗಾತ್ರದ ಶೇಕಡ 60ರಷ್ಟು ನೀರು ತುಂಬಿದ ಜೊಂಡುಮಣ್ಣಿಗೆ (ಅರೆಕೊಳೆತ ಸಸ್ಯಗಳಿಂದಾದ ಮಣ್ಣಿಗೆ) ಲೆಕ್ಕ ಹಾಕಿದರೆ ಆಳ ಸುಮಾರು 42 ಸೆಂ.ಮೀ. ಬರುತ್ತದೆ. ಶಾಖವಾಹಕತೆ 1.5 ಇದ್ದು ಶೇಕಡ 30ರಷ್ಟೇ ನೀರಿರುವ ಮರಳು ಮಣ್ಣಿಗೆ ಅದೇ ಬೇಸಿಗೆಯಲ್ಲಿ ಒಂದು ಮೀಟರಿಗೂ ತುಸು ಹೆಚ್ಚು ಬರುತ್ತದೆ. ಒಂದೇ ಬಿಸಿಲಿಗೆ ಎರಡು ಮಣ್ಣುಗಳು ಇಷ್ಟು ಬೇರೆಯಾಗಿ ಸ್ಪಂದಿಸುವುದರಿಂದ, ಎರಡು ತಾಣಗಳ ಆಳವನ್ನು ಮಣ್ಣಿನ ಪ್ರಸ್ತಾಪವಿಲ್ಲದೆ ಹೋಲಿಸುವ ಕೋಷ್ಟಕಗಳಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಗಾಳಿಯ ತಾಪಮಾನವನ್ನೇ ನೇರವಾಗಿ ಸೂತ್ರಕ್ಕೆ ಹಾಕುವುದೂ ಸಲ್ಲದು. ಸಸ್ಯ, ಪಾಚಿ, ತೇವ ಇವು ಗಾಳಿಗೂ ಮಣ್ಣಿನ ಮೇಲ್ಮೈಗೂ ನಡುವೆ ನಿಂತು ಲೆಕ್ಕವನ್ನು ಬದಲಿಸುತ್ತವೆ.

ಇನ್ನು ಮುಖ್ಯ ವಿಷಯ. ಸರಳು ಕೊಡುವುದು ಎರಡು ಮಟ್ಟಗಳ ನಡುವಿನ ಅಂತರವನ್ನು. ಕೆಳಗಿನ ಮಟ್ಟ ಇಳಿಯುತ್ತದೆಂದು ನಮಗೆಲ್ಲ ಗೊತ್ತು. ಮೇಲಿನದೂ ಇಳಿಯಬಹುದು ಎಂಬುದನ್ನು ಮರೆಯುತ್ತೇವೆ. ಪರ್ಮಾಫ್ರಾಸ್ಟಿನ ಮೇಲ್ಭಾಗದಲ್ಲಿ ಬಹಳ ಕಡೆ ಮಣ್ಣಿನ ರಂಧ್ರಗಳು ಹಿಡಿಯಬಲ್ಲದ್ದಕ್ಕಿಂತ ಹೆಚ್ಚಿನ ಮಂಜುಗಡ್ಡೆ ಪದರಪದರವಾಗಿ ಇರುತ್ತದೆ. ಬಿಸಿ ಬೇಸಿಗೆಯೊಂದರಲ್ಲಿ ಕರಗುವಿಕೆ ಅಲ್ಲಿಗೆ ತಲುಪಿದರೆ ಆ ಹೆಚ್ಚುವರಿ ಮಂಜು ನೀರಾಗಿ ಹರಿದುಹೋಗುತ್ತದೆ, ಅದು ಹಿಡಿದು ನಿಲ್ಲಿಸಿದ್ದ ನೆಲ ಕುಸಿಯುತ್ತದೆ. ಕೆಳಗಿನ ಗಡಿ 10 ಸೆಂ.ಮೀ. ಇಳಿದು, ಮೇಲ್ಮೈಯೂ 8 ಸೆಂ.ಮೀ. ಇಳಿದರೆ ಸರಳು ತೋರಿಸುವ ಹೆಚ್ಚಳ ಕೇವಲ 2 ಸೆಂ.ಮೀ. ಇದು ನನ್ನ ಊಹೆಯ ಉದಾಹರಣೆ, ಆದರೆ ಊಹೆಯ ಸಂಗತಿಯಲ್ಲ. ಅಲಾಸ್ಕಾದ ಉತ್ತರ ತೀರದ ಬ್ಯಾರೋ ಊರಿನ ಬಳಿ, ಅಂದರೆ 2016ರಿಂದ ಉಟ್ಕಿಯಾಗ್ವಿಕ್ ಎಂದು ಕರೆಯಲಾಗುವ ಸ್ಥಳದಲ್ಲಿ, 1960ರ ದಶಕದಲ್ಲಿ ಸರಳಿನಿಂದ ಅಳೆದ ನೆಲದ ತುಣುಕುಗಳನ್ನು 1990ರ ದಶಕದಲ್ಲಿ ಮತ್ತೆ ಅಳೆಯಲು ಆರಂಭಿಸಿದರು. ಅಲ್ಲಿ ಮೇಲ್ಮೈಯ ಎತ್ತರವನ್ನೂ ನಿಖರ ಜಿಪಿಎಸ್‌ನಿಂದ ಗಮನಿಸತೊಡಗಿದಾಗ, ಕಣ್ಣಿಗೆ ಯಾವ ಹಾನಿಯೂ ಕಾಣದ ಟಂಡ್ರಾ ಕೂಡ ಸಮನಾಗಿ ಕುಸಿಯುತ್ತಿರುವುದು ತಿಳಿಯಿತು. ಸಮನಾಗಿ ಕುಸಿಯುವುದರಿಂದಲೇ ಅದು ಬರಿಗಣ್ಣಿಗೆ ಗೊತ್ತಾಗುವುದಿಲ್ಲ.

ಆದ್ದರಿಂದ ಕದಲದ ಆಧಾರ ಬಿಂದುವೊಂದು ಬೇಕು. ಕೆನಡಾದ ಮೆಕೆಂಜಿ ಕಣಿವೆಯಲ್ಲಿ ದೀರ್ಘಕಾಲ ಬಳಸಿದ ಕರಗುನಳಿಗೆ ಇದಕ್ಕೆ ಒಂದು ಜಾಣ ಪರಿಹಾರ. ಹೊರ ನಳಿಗೆಯನ್ನು ಪರ್ಮಾಫ್ರಾಸ್ಟಿನೊಳಗೆ ಆಳವಾಗಿ ಬೇರೂರಿಸಿ, ಒಳ ನಳಿಗೆಯಲ್ಲಿ ನೀರು ತುಂಬಿಸುತ್ತಾರೆ. ಬೇಸಿಗೆಯಲ್ಲಿ ಸುತ್ತಲಿನ ಮಣ್ಣು ಕರಗಿದಷ್ಟು ಆಳದವರೆಗೆ ನಳಿಗೆಯ ಮಂಜೂ ಕರಗುತ್ತದೆ. ಮೇಲಿನಿಂದ ಬಿಟ್ಟ ಬಣ್ಣದ ಮಣಿ ಕರಗಿದ ನೀರಿನಲ್ಲಿ ಇಳಿದು ಮಂಜಿನ ತುದಿಯಲ್ಲಿ ಕೂರುತ್ತದೆ. ಚಳಿಗಾಲದಲ್ಲಿ ಅದು ಅಲ್ಲಿಯೇ ಹೆಪ್ಪಿನಲ್ಲಿ ಸಿಲುಕುವುದರಿಂದ, ಆ ವರ್ಷದ ಗರಿಷ್ಠ ಆಳ ಯಾವ ದಿನ ಬಂದಿತೆಂದು ಕಾಯುವ ಅಗತ್ಯವಿಲ್ಲದೆ ಮುಂದಿನ ವರ್ಷ ಬಂದು ಓದಬಹುದು. ಹೊರ ನಳಿಗೆ ನೆಲದೊಂದಿಗೆ ಏರಿಳಿಯದ ಕಾರಣ ಮೇಲ್ಮೈ ಎಷ್ಟು ಕುಸಿಯಿತು ಅಥವಾ ಉಬ್ಬಿತು ಎಂಬುದೂ ಅದರ ಮೇಲಿನ ಗುರುತಿನಿಂದಲೇ ಸಿಗುತ್ತದೆ. ಅಂಥ ಆಧಾರವಿಲ್ಲದ ತಾಣದ ದತ್ತಾಂಶವನ್ನು ನೀವು ಬಳಸುವುದಾದರೆ ನಿಮ್ಮ ಪ್ರಬಂಧದಲ್ಲಿ ‘ಕರಗಿನ ಆಳ ಬದಲಾಗಿಲ್ಲ’ ಎಂದು ಬರೆಯಬಹುದು. ‘ಪರ್ಮಾಫ್ರಾಸ್ಟ್ ಕಡಿಮೆಯಾಗಿಲ್ಲ’ ಎಂದು ಬರೆಯಲು ಆಧಾರವಿಲ್ಲ.

ಉತ್ತರ — ದೂರಸಂವೇದಿ ದತ್ತಾಂಶದ ಮೇಲೆ ಕೆಲಸ ಮಾಡುವವರು, ಮೈಸೂರು

ಉಪಗ್ರಹದ ಪ್ರಸ್ತಾಪ ಬಂದಿರುವುದರಿಂದ ಎರಡು ಮಾತು ಸೇರಿಸುತ್ತೇನೆ. ಉಪಗ್ರಹದ ರಾಡಾರ್ ಟಂಡ್ರಾದಲ್ಲಿ ಕರಗಿನ ಆಳವನ್ನು ನೇರವಾಗಿ ನೋಡುವುದಿಲ್ಲ. ನೆಲದ ಏರಿಳಿತವನ್ನು ನೋಡಿ ಆಳವನ್ನು ಊಹಿಸುತ್ತದೆ. ನೀರು ಮಂಜಾಗುವಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಮೇಲೆ ಹೇಳಿದ ಜೊಂಡುಮಣ್ಣಿನಲ್ಲಿ 40 ಸೆಂ.ಮೀ. ಕರಗಿದರೆ ಅದರಲ್ಲಿ 24 ಸೆಂ.ಮೀ.ನಷ್ಟು ನೀರಿದ್ದಂತೆ, ಮಂಜಾಗಿ ಹಿಗ್ಗಿದ್ದು ಮತ್ತೆ ಕುಗ್ಗಿದಾಗ ನೆಲ ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು ಇಳಿಯಬೇಕು. ಇಂಟರ್‌ಫೆರೋಮೆಟ್ರಿಯಿಂದ (ಬೇರೆ ಬೇರೆ ಸಮಯದ ರಾಡಾರ್ ಅಲೆಗಳ ಹೋಲಿಕೆಯಿಂದ) ಇಷ್ಟು ಚಲನೆಯನ್ನು ಗುರುತಿಸಬಹುದು, ಆದರೆ ಅದರಿಂದ ಆಳಕ್ಕೆ ಬರಲು ಮಣ್ಣಿನಲ್ಲಿ ನೀರೆಷ್ಟಿತ್ತು ಎಂದು ಮೊದಲೇ ತಿಳಿದಿರಬೇಕು. ನಾಸಾ ಮತ್ತು ಇಸ್ರೋ ಸೇರಿ ರೂಪಿಸಿದ, ಜುಲೈ 2025ರಲ್ಲಿ ಶ್ರೀಹರಿಕೋಟದಿಂದ ಹಾರಿದ ನಿಸಾರ್ ಉಪಗ್ರಹದ ಎಲ್ ಬ್ಯಾಂಡ್ (ಉದ್ದ ತರಂಗದ) ರಾಡಾರ್ ಇಂಥ ಕೆಲಸಕ್ಕೆ ಒದಗುತ್ತದೆ. ನಿಮ್ಮ ಮುಂದಿನ ಅಧ್ಯಯನಕ್ಕೆ ಅದನ್ನು ಗಮನದಲ್ಲಿಡಿ.

ನೆಲದ ಮೇಲೆ ಎಳೆಯುವ ರಾಡಾರ್ ವಿಷಯದಲ್ಲೂ ಇದೇ ತೊಡಕು. ಮಣ್ಣಿನೊಳಗೆ ಇಳಿದು ಹೆಪ್ಪುನೆಲಕ್ಕೆ ತಾಗಿ ಮರಳುವ ಅಲೆಗೆ ಹೋಗಿಬರಲು ಒಟ್ಟು 20 ನ್ಯಾನೋಸೆಕೆಂಡು ಹಿಡಿಯಿತು ಎಂದರೆ, ಅಲೆಯ ವೇಗ ನ್ಯಾನೋಸೆಕೆಂಡಿಗೆ 4 ಸೆಂ.ಮೀ. ಇದ್ದಲ್ಲಿ ಆಳ 40 ಸೆಂ.ಮೀ.; ಮಣ್ಣು ಸ್ವಲ್ಪ ಒಣಗಿ ವೇಗ 5 ಆದಲ್ಲಿ 50. ಆ ವೇಗವನ್ನು ಸ್ಥಳದಲ್ಲಿ ಖಚಿತಪಡಿಸಿಕೊಳ್ಳಲು ರಾಡಾರ್ ಬಳಸುವವರು ಕೈಗೆತ್ತಿಕೊಳ್ಳುವುದು ನೀವು ಒರಟೆಂದು ಕರೆದ ಅದೇ ಉಕ್ಕಿನ ಸರಳನ್ನೇ.

ವಿದ್ಯಾರ್ಥಿನಿ

ನನ್ನ ತಾಣಗಳ ಪಟ್ಟಿಯನ್ನು ಮೇಲ್ಮೈಯ ಎತ್ತರದ ದಾಖಲೆ ಇರುವವು, ಇಲ್ಲದವು ಎಂದು ಎರಡಾಗಿ ವಿಂಗಡಿಸಿ, ದಿನಾಂಕ ಮತ್ತು ಮಣ್ಣಿನ ವಿವರಗಳನ್ನು ಪ್ರತಿ ಸಾಲಿನಲ್ಲೂ ಸೇರಿಸುತ್ತಿದ್ದೇನೆ. ಗದ್ದೆಯ ಅಭ್ಯಾಸಕ್ಕೆ ಸರಳನ್ನು ಮಾಡಿಸಬೇಕಾಗಿದೆ. ಅದರ ತುದಿ ಚೂಪಾಗಿರಬೇಕೋ ಮೊಂಡಾಗಿರಬೇಕೋ ಎಂದು ಮಂಡ್ಯದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ — ಮಣ್ಣು ವಿಜ್ಞಾನದ ಬೋಧಕರು, ಮಂಡ್ಯ

ಗದ್ದೆಗೆ ಮೊಂಡು ತುದಿಯೇ ಇರಲಿ. ಚೂಪಾದರೆ ಗಟ್ಟಿ ಪದರದೊಳಗೂ ನುಗ್ಗುತ್ತದೆ, ಮೂವರ ಓದುಗಳು ಇನ್ನಷ್ಟು ದೂರವಾಗುತ್ತವೆ. ಒಮ್ಮೆ ಆರಿಸಿದ ತುದಿಯನ್ನು ನಡುವೆ ಬದಲಿಸಬೇಡಿ, ಮತ್ತು ಗುರುತುಗಳನ್ನು ಬಣ್ಣದಿಂದ ಹಾಕದೆ ಅರದಿಂದ ಕೊರೆಯಿಸಿ; ಬಣ್ಣ ಕೆಸರಿನಲ್ಲಿ ಬೇಗ ಸವೆದುಹೋಗುತ್ತದೆ.